ಸೂಕ್ಷ್ಮಜೀವಿ ಕಂಡ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್: ಆತನ ಹಲ್ಲಿನ ಕೊಳೆ, ನಮ್ಮ ನೀರಿನ ಟ್ಯಾಂಕು

ಬೈಲಹೊಂಗಲದ ಪೇಟೆಯಿರಲಿ, ರಾಮದುರ್ಗದ ಸೀರೆ ಅಂಗಡಿಯಿರಲಿ, ಎಳೆ ನೋಡದೆ ಮಾಲು ತಗೊಳ್ಳುವ ವ್ಯಾಪಾರಿ ಸಿಗೋದು ಕಷ್ಟ. ಸುಮಾರು 350 ವರ್ಷಗಳ ಹಿಂದೆ ಹಾಲೆಂಡ್ ದೇಶದ ಬಟ್ಟೆ ವ್ಯಾಪಾರಿಗಳೂ ಭೂತಗನ್ನಡಿ ಹಿಡಿದು ಎಳೆ ಎಣಿಸುತ್ತಿದ್ದರು. ಅವರಲ್ಲೊಬ್ಬ ಆಂಟೋನಿ ವಾನ್ ಲೀವೆನ್‌ಹುಕ್. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳನ್ನು ಮೊದಲು ಕಂಡವನು ಈತನೇ.

ಹುಟ್ಟಿದ್ದು 1632ರ ಅಕ್ಟೋಬರ್ 24ರಂದು, ಡೆಲ್ಫ್ಟ್ ಎಂಬ ಊರಲ್ಲಿ. ತಂದೆ ಬುಟ್ಟಿ ಹೆಣೆಯುವವರು. ಮಗ ಸಣ್ಣವನಿದ್ದಾಗಲೇ ತೀರಿಕೊಂಡರು. 16ನೇ ವಯಸ್ಸಿಗೆ ಆಮ್‌ಸ್ಟರ್‌ಡ್ಯಾಮ್‌ನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. 1654ರಲ್ಲಿ ಊರಿಗೆ ಮರಳಿ ಸ್ವಂತ ಅಂಗಡಿ ಹಾಕಿದ. ಮೊದಲ ಹೆಂಡತಿಗೆ ಹುಟ್ಟಿದ ಐದು ಮಕ್ಕಳಲ್ಲಿ ಉಳಿದದ್ದು ಮಗಳು ಮಾರಿಯಾ ಒಬ್ಬಳೇ.

ದೊಡ್ಡ ಓದು ಇರಲಿಲ್ಲ, ಪಂಡಿತರ ಲ್ಯಾಟಿನ್ ಭಾಷೆ ಬರುತ್ತಿರಲಿಲ್ಲ. ಆದರೆ ಗಾಜಿನ ಮಸೂರಗಳನ್ನು ತಾನೇ ತಯಾರಿಸುತ್ತಿದ್ದ. ಬದುಕಿನುದ್ದಕ್ಕೂ 500ಕ್ಕೂ ಹೆಚ್ಚು ಮಾಡಿದ. 1676ರಲ್ಲಿ ನೀರಿನ ಹನಿಯಲ್ಲಿ ಜೀವಿಗಳು ಓಡಾಡುತ್ತವೆ ಅಂತ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದಾಗ ಅಲ್ಲಿಯವರು ಸುಲಭಕ್ಕೆ ನಂಬಲಿಲ್ಲ. ಆತ ಪಾದ್ರಿಗಳು ಮೊದಲಾದ ಹಿರಿಯರಿಗೆ ತೋರಿಸಿ, ಅವರ ಸಾಕ್ಷಿಪತ್ರ ಕಳಿಸಿದ. ಮರುವರ್ಷ ರಾಬರ್ಟ್ ಹುಕ್ ಲಂಡನ್ನಿನಲ್ಲೇ ಅವನ್ನು ಕಂಡು ಖಾತ್ರಿ ಮಾಡಿದರು. 1680ರಲ್ಲಿ ಸೊಸೈಟಿ ಈ ಅಂಗಡಿಕಾರನನ್ನು ತನ್ನ ಸದಸ್ಯನನ್ನಾಗಿ ಆರಿಸಿತು.

ನಮಗೆ ಇವತ್ತು ಬೇಕಾದ ಸಂಗತಿ ಅದರ ಮುಂದಿನದು. ಆತ ದಿನಾ ಉಪ್ಪು ಹಚ್ಚಿ ಹಲ್ಲು ತಿಕ್ಕುತ್ತಿದ್ದ. ಆದರೂ ಸಂದಿಯಲ್ಲಿ ಬಿಳಿ ಕೊಳೆ ಉಳಿಯುತ್ತಿತ್ತು. 1683ರಲ್ಲಿ ಅದನ್ನು ತೆಗೆದು ಮಸೂರದಲ್ಲಿ ನೋಡಿದರೆ ತುಂಬ ಜೀವಿಗಳು. ಆ ಕೊಳೆಗೆ ನೇರವಾಗಿ ವಿನೆಗರ್ ಬೆರೆಸಿದರೆ ಅವು ತಕ್ಷಣ ಸತ್ತವು. ಅದೇ ವಿನೆಗರ್‌ನಿಂದ ಬಾಯಿ ಮುಕ್ಕಳಿಸಿ ನೋಡಿದರೆ ಹಲ್ಲಿನ ಮೇಲಿನ ಕೊಳೆಯಲ್ಲಿ ಇನ್ನೂ ಜೀವ ಇತ್ತು. ಹೊರಗಿನವು ಸತ್ತಿದ್ದವು, ಒಳಗಿನವಕ್ಕೆ ವಿನೆಗರ್ ಮುಟ್ಟಿರಲಿಲ್ಲ. ಇದನ್ನೂ ಪತ್ರ ಬರೆದು ತಿಳಿಸಿದ.

ಆತ ಕಂಡ ಕೊಳೆಗೆ ಬಯೋಫಿಲ್ಮ್ ಎಂಬ ಹೆಸರು ರೂಢಿಗೆ ಬಂದದ್ದು ಆತ ಸತ್ತು 250 ವರ್ಷಗಳ ನಂತರ. ಬ್ಯಾಕ್ಟೀರಿಯಾಗಳು ಒಂದು ಜಾಗಕ್ಕೆ ಅಂಟಿಕೊಂಡು, ಸುತ್ತಲೂ ಲೋಳೆ ಸುರಿಸಿ ಅದರೊಳಗೆ ಮನೆ ಮಾಡುತ್ತವೆ. ಟ್ಯಾಂಕಿನ ಗೋಡೆ, ಬ್ಯಾರೆಲ್ಲಿನ ತಳ ಮುಟ್ಟಿದರೆ ಕೈಗೆ ಜಾರುತ್ತದಲ್ಲ, ಅದೇ. ಮಲಪ್ರಭೆ ನೀರಿರಲಿ, ಬೋರಿನ ನೀರಿರಲಿ, ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಬಹಳಷ್ಟು ಮೇಲಿನ ಲೋಳೆಯಲ್ಲೇ ಖರ್ಚಾಗಿ ಹೋಗುತ್ತದೆ. ತಳದವು ಬದುಕಿ ಮತ್ತೆ ಬೆಳೆಯುತ್ತವೆ.

ಮೈಯೊಳಗೂ ಹೀಗೇ. ಮೂತ್ರದ ನಳಿಗೆ, ಆರದ ಗಾಯಗಳಲ್ಲಿ ಇಂಥ ಲೋಳೆ ಕಟ್ಟುತ್ತದೆ. ಒಳಗಿನ ಬ್ಯಾಕ್ಟೀರಿಯಾ ಆಹಾರ ಕಡಿಮೆಯಾಗಿ ನಿಧಾನ ಬೆಳೆಯುತ್ತವೆ. ಹಲವು ಆಂಟಿಬಯಾಟಿಕ್‌ಗಳು ಚುರುಕಾಗಿ ಬೆಳೆಯುವವನ್ನೇ ಹೊಡೆಯುವುದರಿಂದ ಇವು ಉಳಿಯುತ್ತವೆ. ಒತ್ತೊತ್ತಾಗಿ ಇರುವುದರಿಂದ ಔಷಧ ತಡೆಯುವ ಗುಣವನ್ನು ಒಂದಕ್ಕೊಂದು ದಾಟಿಸುತ್ತವೆ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಎಂಬ ಅಂದಾಜಿದೆ.

ಹಾಗಾಗಿ ಸವದತ್ತಿ, ಕಿತ್ತೂರಿನ ಖಾನಾವಳಿಯವರೇ, ಚಹಾ ಅಂಗಡಿಯವರೇ, ಬ್ಯಾರೆಲ್ ಖಾಲಿ ಮಾಡಿ ಮೊದಲು ಬ್ರಷ್ ಹಾಕಿ ತಿಕ್ಕಿ. ಲೋಳೆ ಹೋದ ಮೇಲೆ ಬ್ಲೀಚಿಂಗ್ ಹಾಕಿ, ಆಮೇಲೆ ಚೆನ್ನಾಗಿ ತೊಳೀರಿ. ಡಾಕ್ಟರ ಚೀಟಿ ಇಲ್ಲದೆ ಆಂಟಿಬಯಾಟಿಕ್ ಗುಳಿಗೆ ಕೇಳಬೇಡಿ, ಔಷಧ ಅಂಗಡಿಯವರೂ ಕೊಡಬೇಡಿ. ಬರೆದುಕೊಟ್ಟದ್ದನ್ನು ಹೇಳಿದಷ್ಟು ದಿನ ತಗೊಳ್ಳಿ.

ಲೀವೆನ್‌ಹುಕ್ ತೀರಿಕೊಂಡದ್ದು 1723ರ ಆಗಸ್ಟ್ 26ರಂದು, 90ನೇ ವಯಸ್ಸಿನಲ್ಲಿ, ಹುಟ್ಟಿದ ಊರಲ್ಲೇ. ಕೊನೆಯವರೆಗೂ ಮಸೂರ ಬಿಡಲಿಲ್ಲ, ಪತ್ರ ಬರೆಯುವುದನ್ನೂ ಬಿಡಲಿಲ್ಲ.