ಲಿಯೊಪೋಲ್ಡ್ ಮ್ಯಾನೆಸ್
ಲಿಯೊಪೋಲ್ಡ್ ಮ್ಯಾನೆಸ್ (1899–1964) ಅಮೆರಿಕದ ಪಿಯಾನೊ ವಾದಕರು ಹಾಗೂ ಕೊಡಾಕ್ರೋಮ್ ವರ್ಣಫಿಲ್ಮನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬರು. ಇವರು ನ್ಯೂಯಾರ್ಕಿನ ಸಂಗೀತಗಾರರ ಮನೆತನದಲ್ಲಿ ಜನಿಸಿದರು. ಶಾಲಾದಿನಗಳ ಗೆಳೆಯ, ಪಿಟೀಲು ವಾದಕ ಲಿಯೊಪೋಲ್ಡ್ ಗೊಡೌಸ್ಕಿಯವರೊಡನೆ ಪ್ರಯೋಗಗಳನ್ನು ನಡೆಸಿ, 1930ರಲ್ಲಿ ರಾಚೆಸ್ಟರಿನ ಕೊಡಾಕ್ ಸಂಶೋಧನಾಲಯವನ್ನು ಸೇರಿದರು. ಗಾಢ ಕತ್ತಲೆಯ ಕೋಣೆಯಲ್ಲಿ ಬ್ರಾಮ್ಸ್‌ನ ಕೃತಿಯನ್ನು ಶಿಳ್ಳೆಹಾಕುತ್ತ ಫಿಲ್ಮ್ ಸಂಸ್ಕರಣೆಯ ಸಮಯವನ್ನು ಅಳೆಯುತ್ತಿದ್ದರು.

1935ರಲ್ಲಿ 16 ಮಿ.ಮೀ. ಗೃಹಚಲನಚಿತ್ರಗಳಿಗಾಗಿ ಕೊಡಾಕ್ರೋಮ್ ಮಾರುಕಟ್ಟೆಗೆ ಬಂದಿತು. ಬಣ್ಣಗಳನ್ನು ರೂಪಿಸುವ ರಾಸಾಯನಿಕಗಳು ಫಿಲ್ಮಿನಲ್ಲಿರದೆ ಸಂಸ್ಕರಣಾ ದ್ರಾವಣದಲ್ಲಿದ್ದುದು ಇದರ ವೈಶಿಷ್ಟ್ಯ. ಆದರೆ ಮೊದಲ ವರ್ಷಗಳ ಸುರುಳಿಗಳು ಬೇಗನೆ ಮಾಸಿದವು. ಕುಟುಂಬಗಳು ಜೋಪಾನವಾಗಿಟ್ಟ ದೃಶ್ಯಗಳೂ ವಿವರ್ಣವಾದವು. 1938ರಲ್ಲಿ ಸಂಸ್ಕರಣಾ ವಿಧಾನವನ್ನು ಬದಲಿಸಲಾಯಿತು. ಅನಂತರದ ಸುರುಳಿಗಳು, ಕತ್ತಲಲ್ಲಿರಿಸಿದಲ್ಲಿ, ದಶಕಗಳ ಬಳಿಕವೂ ಬಣ್ಣ ಉಳಿಸಿಕೊಂಡಿವೆ. ಮ್ಯಾನೆಸ್ ಮುಂದೆ ಸಂಗೀತಕ್ಕೇ ಮರಳಿ, ತಂದೆತಾಯಿ ಸ್ಥಾಪಿಸಿದ್ದ ಸಂಗೀತಶಾಲೆಯನ್ನು ಮುನ್ನಡೆಸಿದರು.