ಬಸ್ರಾ ಬಂದರು ಕೇಳಿದ ಟಿಪ್ಪು ಸುಲ್ತಾನ್

ಮಸ್ಕತ್, ಬಸ್ರಾ ಅಂದ್ರೆ ನಮ್ಮ ಮನೆಗಳಲ್ಲಿ ನೆನಪಾಗುವುದು ಪೆಟ್ರೋಲು, ವೀಸಾ, ಗಲ್ಫ್ ಕೆಲಸ. ಟಿಪ್ಪು ಸುಲ್ತಾನರ ಕಾಲದಲ್ಲಿ ಅಲ್ಲಿ ಎಣ್ಣೆ ಬಾವಿ ಇರಲಿಲ್ಲ. ಆದರೂ ಆ ಸಮುದ್ರದ ಮೇಲೆ ದೊಡ್ಡ ರಾಜ್ಯಗಳ ಕಣ್ಣು ಆಗಲೇ ಬಿದ್ದಿತ್ತು. ಸುಲ್ತಾನರ ಕಣ್ಣೂ ಅಲ್ಲೇ ಇತ್ತು.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು, ತಂದೆ ಹೈದರಾಲಿ 1782ರಲ್ಲಿ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದರು. 1784ರಲ್ಲಿ ಮಂಗಳೂರಿನಲ್ಲೇ ಇಂಗ್ಲಿಷರ ಜೊತೆ ಒಪ್ಪಂದ ಆಯಿತು. ಮಂಗಳೂರಿನ ಅಕ್ಕಿ, ಮಲಬಾರಿನ ಮೆಣಸು, ಮೈಸೂರಿನ ಗಂಧ ಮಸ್ಕತ್‌ಗೆ ಹೋಗುತ್ತಿತ್ತು, ಆ ಕಡೆಯಿಂದ ಕುದುರೆ ಬರುತ್ತಿತ್ತು. ಮಸ್ಕತ್‌ನಲ್ಲಿ ಸುಲ್ತಾನರದೇ ವ್ಯಾಪಾರದ ಕೋಠಿ ಇತ್ತು.

1786ರಲ್ಲಿ ಉತ್ತರ ಕನ್ನಡದ ತದಡಿಯಿಂದ ನಾಲ್ಕು ಹಡಗು ಹೊರಟವು. ಗುಲಾಂ ಅಲಿ ಖಾನ್ ಮುಂದಾಳು. ಇಸ್ತಾಂಬುಲಿನ ಖಲೀಫರ ಹತ್ತಿರ ಕೇಳಬೇಕಾಗಿದ್ದು ಬಸ್ರಾ ಬಂದರು. ಬದಲಿಗೆ ಮಂಗಳೂರಿನಲ್ಲಿ ತುರ್ಕರಿಗೆ ಜಾಗ. ಎಂಥಾ ಲೆಕ್ಕಾಚಾರ ನೋಡಿ! ಆದ್ರೆ ಒಂದು ಹಡಗು ಸುಟ್ಟುಹೋಯಿತು, ಜೊತೆಗಿದ್ದ ಎಷ್ಟೋ ಜನ ಪ್ಲೇಗಿಗೆ ಬಲಿಯಾದರು. 1787ರಲ್ಲಿ ಇಸ್ತಾಂಬುಲ್ ಮುಟ್ಟುವಾಗ ತುರ್ಕರಿಗೆ ರಷ್ಯಾದ ಜೊತೆ ಯುದ್ಧ ಶುರುವಾಗಿತ್ತು. ಅಂಥ ಹೊತ್ತಿನಲ್ಲಿ ಇಂಗ್ಲಿಷರನ್ನು ಎದುರು ಹಾಕಿಕೊಳ್ಳುವುದು ಖಲೀಫರಿಗೆ ಬೇಕಿರಲಿಲ್ಲ. ಗೌರವ ಸಿಕ್ಕಿತು, ಬಸ್ರಾ ಸಿಗಲಿಲ್ಲ. ಉಳಿದವರು ಹಜ್ಜ್ ಮುಗಿಸಿ ಊರಿಗೆ ಬಂದರು. ದೀನಿನ ಸಂಬಂಧ ರಾಜ್ಯದ ಲೆಕ್ಕವನ್ನು ಮೀರುತ್ತದೆ ಅಂತ ಸುಲ್ತಾನರು ಸ್ವಲ್ಪ ಜಾಸ್ತಿಯೇ ನಂಬಿದ್ದರು ಅಂತ ನನಗನಿಸುತ್ತದೆ.

ಫ್ರಾನ್ಸಿನ ಕಥೆಯೂ ಅಷ್ಟೆ. 1788ರಲ್ಲಿ ಪ್ಯಾರಿಸಿಗೆ ಹೋದ ರಾಯಭಾರಿಗಳು ಬರಿಗೈಲಿ ಬಂದರು. ಹತ್ತು ವರ್ಷದ ಮೇಲೆ ಮಾರಿಷಸ್‌ಗೆ ಗುಟ್ಟಾಗಿ ಕಳಿಸಿದ್ದ ಮಾತನ್ನು ಅಲ್ಲಿನ ಫ್ರೆಂಚ್ ಗವರ್ನರ್ ಊರಿಗೆಲ್ಲ ಸಾರಿಬಿಟ್ಟ. ಮಂಗಳೂರಿಗೆ ಬಂದಿಳಿದ ಫ್ರೆಂಚರು ನೂರು ಜನರೂ ಇಲ್ಲ. ವೆಲ್ಲೆಸ್ಲಿಗೆ ಯುದ್ಧಕ್ಕೆ ನೆಪ ಸಿಕ್ಕಿತು.

ಅದೇ 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ನುಗ್ಗಿದ. ತುರ್ಕಿಯ ಖಲೀಫರು ಇಂಗ್ಲಿಷರ ಪಕ್ಷ ಸೇರಿ, ಫ್ರೆಂಚರ ಸಹವಾಸ ಬಿಡಿ ಅಂತ ಟಿಪ್ಪುವಿಗೇ ಪತ್ರ ಬರೆದರು. ಆ ಪತ್ರ ಬಂದದ್ದು ಇಂಗ್ಲಿಷರ ಕೈಯಿಂದಲೇ! ಅಕ್ಟೋಬರಿನಲ್ಲಿ ಮಸ್ಕತ್‌ನ ದೊರೆ ಕೂಡ ಕಂಪನಿಗೆ ಕೌಲು ಬರೆದುಕೊಟ್ಟರು. ಗಲ್ಫಿನ ಬಾಗಿಲು ಮುಚ್ಚಿತು.

ನಮ್ಮ ಕೊಪ್ಪದ ಪಕ್ಕದ ಪಿರಿಯಾಪಟ್ಟಣದ ಕೋಟೆಯನ್ನು ಹಿಂದಿನ ಯುದ್ಧದಲ್ಲಿ, ಶತ್ರುವಿಗೆ ದಕ್ಕಬಾರದು ಅಂತ ಸುಲ್ತಾನರೇ ಒಡೆಸಿದ್ದರು. 1799ರ ಮಾರ್ಚ್ 6ರಂದು ಅವರು ಮತ್ತೆ ಈ ಕಡೆ ಬಂದರು. ಕಣ್ಣೂರಿನಿಂದ ಕೊಡಗಿನ ಮೂಲಕ ಬರುತ್ತಿದ್ದ ಬೊಂಬಾಯಿ ಸೈನ್ಯವನ್ನು ಗಡಿಯ ಸಿದ್ದೇಶ್ವರದ ಹತ್ತಿರ ಅಡ್ಡಗಟ್ಟಿದರು. ತಡೆಯಲಾಗಲಿಲ್ಲ, ಶ್ರೀರಂಗಪಟ್ಟಣದ ಕಡೆ ತಿರುಗಿದರು. ನೆಪೋಲಿಯನ್ ಕೈರೋದಿಂದ ಅವರಿಗೆ ಬರೆದ ಕಾಗದ ಜಿದ್ದಾದಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿತ್ತು. ಮೇ 4ರಂದು ಸುಲ್ತಾನರು ಕೋಟೆಯ ಬಾಗಿಲಲ್ಲಿ ಹೋರಾಡುತ್ತಾ ಶಹೀದರಾದರು.