ಸೋಲಿನ ವರ್ಷದಲ್ಲೂ ಮೈದಾನ ಬಿಡದ ಸ್ಟ್ಯಾಗ್

ಗೆದ್ದವರ ಕಥೆ ಹೇಳುವವರು ಬಹಳ ಮಂದಿ. ನೂರಾರು ಗೆಲುವು ಕಂಡು, ಎಂಬತ್ತು ದಾಟಿದ ಮೇಲೆ ಸಾಲು ಸೋಲುಂಡರೂ ಕೆಲಸ ಬಿಡದ ಒಬ್ಬ ಆಟದ ಮಾಸ್ತರರ ಕಥೆಯನ್ನು ನಾವಿಂದು ವಾಚಕರ ಮುಂದಿಡುತ್ತಿದ್ದೇವೆ. ಅವರೇ ಅಮೇರಿಕದ ಅಮೋಸ್ ಅಲೊಂಜೊ ಸ್ಟ್ಯಾಗ್.

ಅಲ್ಲಿನ ಫುಟ್ಬಾಲ್ ನಮ್ಮೂರಿನ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲೇ ಹಿಡಿದು, ಎದುರು ಪಕ್ಷದ 11 ಮಂದಿಯನ್ನು ಭೇದಿಸಿ ನುಗ್ಗುವ ಆಟವದು. ಹರೆಯದ ಗಟ್ಟಿ ಮೈಕಟ್ಟಿಲ್ಲದೆ ಅದು ನಡೆಯದು. ಯುದ್ಧ ಬೇಡುವುದೂ ಅದೇ ಹರೆಯವನ್ನು.

ಸ್ಟ್ಯಾಗ್ ಹುಟ್ಟಿದ್ದು 1862ರ ಆಗಸ್ಟ್ 16ರಂದು, ನ್ಯೂ ಜೆರ್ಸಿಯ ವೆಸ್ಟ್ ಆರೆಂಜಿನಲ್ಲಿ. ತಂದೆ ಪಾದರಕ್ಷೆ ಹೊಲಿದು ಸಂಸಾರ ಸಾಗಿಸುತ್ತಿದ್ದರು. ಬಡತನದಲ್ಲೇ ಯೇಲ್ ವಿಶ್ವವಿದ್ಯಾನಿಲಯ ಸೇರಿದ ಹುಡುಗನಿಗೆ ಪಾದ್ರಿಯಾಗುವ ಹಂಬಲವಿತ್ತು. ಬೇಸ್‌ಬಾಲಿನಲ್ಲಿ ಒಳ್ಳೆಯ ಹೆಸರು ಬಂದು, ವೃತ್ತಿಪರ ತಂಡಗಳು ಹಣ ಹಿಡಿದು ಕರೆದರೂ ಅವರು ಹೋಗಲಿಲ್ಲ. ಮಾತುಗಾರಿಕೆ ತನಗೆ ಒಲಿಯದೆಂದು ಕಂಡಾಗ ಪಾದ್ರಿಯ ಪೀಠವನ್ನು ಬಿಟ್ಟು, ಆಟದ ಮೈದಾನದಲ್ಲೇ ಹುಡುಗರ ಶೀಲವನ್ನು ತಿದ್ದುವ ದಾರಿ ಹಿಡಿದರು.

1892ರಲ್ಲಿ ಹೊಸದಾಗಿ ತೆರೆದ ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಬಂದವರು 1932ರ ತನಕ ಅಲ್ಲೇ ದುಡಿದರು. 1905 ಮತ್ತು 1913ರ ಅವರ ತಂಡಗಳು ಸೋಲರಿಯದವು. ಎಪ್ಪತ್ತು ತುಂಬಿದಾಗ ನಿಯಮದಂತೆ ತರಬೇತುದಾರನ ಸ್ಥಾನ ತೆರವು ಮಾಡಬೇಕಾಯಿತು. ಸುಮ್ಮನೆ ಕುಳಿತುಕೊಳ್ಳಲು ಒಪ್ಪದ ಅವರು 1933ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ನಿಗೆ ಹೋಗಿ, ಕಾಲೇಜ್ ಆಫ್ ದಿ ಪೆಸಿಫಿಕ್ ಎಂಬ ಚಿಕ್ಕ ಕಾಲೇಜಿನ ತಂಡವನ್ನು ವಹಿಸಿಕೊಂಡರು.

ಆಗ ಬಂತು ಎರಡನೆಯ ಮಹಾಯುದ್ಧ. 1942ರಲ್ಲಿ ಕಡ್ಡಾಯ ಸೇನಾಭರ್ತಿಯ ವಯಸ್ಸು 18ಕ್ಕಿಳಿಯಿತು. ಅನೇಕ ಕಾಲೇಜುಗಳು ತಂಡಗಳನ್ನೇ ಮುಚ್ಚಿದವು. ಷಿಕಾಗೋದವರು 1939ರಲ್ಲೇ ಈ ಆಟವನ್ನು ಕೈಬಿಟ್ಟಿದ್ದರು. ಸ್ಟ್ಯಾಗರ ಹೆಸರು ಹೊತ್ತ ಅಲ್ಲಿನ ಮೈದಾನದ ಮೆಟ್ಟಿಲುಸಾಲಿನ ಅಡಿಯಲ್ಲಿ 1942ರ ಡಿಸೆಂಬರ್ 2ರಂದು ಫರ್ಮಿಯ ಬಳಗವು ಪರಮಾಣುವಿನ ಸರಣಿಕ್ರಿಯೆಯನ್ನು ಮೊದಲ ಬಾರಿಗೆ ಹತೋಟಿಯಲ್ಲಿ ನಡೆಸಿ ತೋರಿಸಿತು.

ಭೂಸೇನೆ ಕಾಲೇಜುಗಳಲ್ಲಿದ್ದ ತನ್ನ ಶಿಕ್ಷಣಾರ್ಥಿಗಳಿಗೆ ತಂಡ ಸೇರಲು ಬಿಡಲಿಲ್ಲ; ನೌಕಾಪಡೆ ಬಿಟ್ಟಿತು. ಸ್ಟಾಕ್ಟನ್ನಿನ ಕಾಲೇಜಿನಲ್ಲಿದ್ದುದು ನೌಕಾಪಡೆಯ ತರಬೇತಿ. ಆ ಹುಡುಗರ ಬಲದಿಂದ 1943ರಲ್ಲಿ ತಂಡ ಏಳು ಪಂದ್ಯ ಗೆದ್ದು ಎರಡರಲ್ಲಿ ಮಾತ್ರ ಸೋತಿತು. 81ರ ವೃದ್ಧರಿಗೆ ದೇಶದ ವರ್ಷದ ತರಬೇತುದಾರರೆಂಬ ಗೌರವ ಬಂತು.

ಆದರೆ ಹಡಗಿನ ಕರೆ ಬಂದಾಗ ಆಟಗಾರ ಹೊರಡಲೇಬೇಕು. 1944ರಲ್ಲಿ ಗೆಲುವು ಮೂರು, ಸೋಲು ಎಂಟು. 1945ರ ಶರತ್ಕಾಲಕ್ಕೆ ಯುದ್ಧ ನಿಂತಿದ್ದರೂ ಹೋದವರೆಲ್ಲ ಮರಳಿರಲಿಲ್ಲ. ಆ ವರ್ಷ ಹತ್ತು ಸೋಲು, ಒಂದು ಸಮ. ಗೆಲುವು ಒಂದೂ ಇಲ್ಲ. ಕೀರ್ತಿಯ ತುದಿಯಲ್ಲಿದ್ದಾಗಲೇ ವಿಶ್ರಾಂತಿ ಪಡೆಯಬಹುದಿತ್ತು. ಸ್ಟ್ಯಾಗರು ಪಡೆಯಲಿಲ್ಲ. ಉಳಿದ ಹುಡುಗರನ್ನೇ ಕಟ್ಟಿಕೊಂಡು ಮರುವರ್ಷವೂ ಮೈದಾನಕ್ಕಿಳಿದರು.

ಆ ಕಾಲೇಜು ಬಿಟ್ಟ ಬಳಿಕ 1947ರಿಂದ 1952ರ ವರೆಗೆ ಪೆನ್ಸಿಲ್ವೇನಿಯಾದ ಸಸ್ಕ್ವೆಹಾನ ವಿಶ್ವವಿದ್ಯಾನಿಲಯದಲ್ಲಿ ಮಗನ ಜತೆಗೂಡಿ ತಂಡ ನಡೆಸಿದರು. ಮತ್ತೆ ಸ್ಟಾಕ್ಟನ್ನಿಗೆ ಮರಳಿ, ಅಲ್ಲಿನ ಕಿರಿಯ ಕಾಲೇಜಿನ ಹುಡುಗರಿಗೆ ಚೆಂಡು ಒದೆಯುವುದನ್ನು ಕಲಿಸಿದರು. 1960ರಲ್ಲಿ, 98ರ ಹತ್ತಿರದಲ್ಲಿ, ಕೆಲಸದಿಂದ ಬಿಡುವು ಪಡೆದರು. 1965ರ ಮಾರ್ಚ್ 17ರಂದು 102ರ ವಯಸ್ಸಿನಲ್ಲಿ ಕಣ್ಮುಚ್ಚಿದರು.

ಮುನ್ನೂರಕ್ಕೂ ಮಿಕ್ಕಿದ ಅವರ ಗೆಲುವುಗಳ ದಾಖಲೆಯನ್ನು 1981ರಲ್ಲಿ ಮತ್ತೊಬ್ಬರು ಮುರಿದರು. ದಾಖಲೆ ಇರುವುದೇ ಮುರಿಯುವುದಕ್ಕೆ. ಆದರೆ ಬಂದ ಕೆಲವೇ ಮಕ್ಕಳನ್ನು ಮುಂದಿಟ್ಟುಕೊಂಡು ಶಾಲೆ ನಡೆಸುವುದೆಂದರೇನೆಂದು ಬಲ್ಲ ನಮಗೆ, ಒಂದೂ ಗೆಲುವಿಲ್ಲದ ಆ 1945ರ ಸ್ಟ್ಯಾಗರೇ ಹೆಚ್ಚು ಹತ್ತಿರದವರೆನಿಸುತ್ತಾರೆ.